ಮಳೆ ಹಿಡಿಯುವ ಮುನ್ನ

ಮೇ ತಿಂಗಳ ಕೊನೆಯ ವಾರ ರೋಹಿಣಿ ಮಳೆ ಹುಟ್ಟುತ್ತದೆ. ಜೂನ್ ಎರಡನೆಯ ವಾರದ ಹೊತ್ತಿಗೆ ಮೃಗಶಿರ, ಮೂರನೆಯ ವಾರ ದಾಟಿದ ಮೇಲೆ ಆರಿದ್ರ. ಅಲ್ಲಿಂದ ಮುಂದೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವವರೆಗೆ ಮಲೆನಾಡು, ಕರಾವಳಿಯ ಮನೆ, ತೋಟ, ದಾರಿ ಎಲ್ಲವೂ ಮಳೆಯ ಅಧೀನ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಈಗ ನಮ್ಮ ಕೈಯಲ್ಲಿ ಬಿಸಿಲಿನ ಕೆಲವು ವಾರಗಳಿವೆ. ಈ ಬಿಸಿಲನ್ನು ಹೇಗೆ ಬಳಸಿಕೊಳ್ಳಬೇಕು, ಮನೆಯಲ್ಲಿ ಯಾವುದನ್ನು ದುರಸ್ತಿ ಮಾಡಬೇಕು, ಯಾವುದನ್ನು ಎಷ್ಟು ಕೂಡಿಡಬೇಕು ಎಂಬುದನ್ನು ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಮಲೆನಾಡಿನ ಹಿರಿಯರಿಗೆ ಇದೇನೂ ಹೊಸ ವಿಷಯವಲ್ಲ. ಅಡಿಕೆ ಕೊಯ್ಲು ಮುಗಿಯುತ್ತಲೇ ಅವರ ಮಳೆಗಾಲದ ಕೆಲಸ ಶುರುವಾಗುತ್ತಿತ್ತು. ಮೊದಲು ಬೆಟ್ಟದಿಂದ ದರಗು ಗುಡಿಸಿ ತಂದು ಕೊಟ್ಟಿಗೆಯ ಪಕ್ಕದಲ್ಲಿ ಒಟ್ಟುವುದು. ಆಮೇಲೆ ಸೌದೆ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಹಪ್ಪಳ, ಸಂಡಿಗೆ, ಬಾಳಕದ ಮೆಣಸು. ಮಾವಿನ ಮಿಡಿ ಸಿಕ್ಕ ಕೂಡಲೇ ಉಪ್ಪಿನಕಾಯಿ. ಹಲಸು ಬಲಿತಾಗ ಸೊಳೆ ಬಿಡಿಸಿ ಉಪ್ಪುನೀರಿಗೆ ಹಾಕುವುದು. ಮುರುಗಲ ಹಣ್ಣಿನ ಸಿಪ್ಪೆ ಒಣಗಿಸುವುದು, ವಾಟೆಹುಳಿ ಒಣಗಿಸುವುದು, ಬೆಲ್ಲದ ಡಬ್ಬ ತುಂಬುವುದು. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವುದು. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಪೇಟೆಗೆ ಹೋಗಿ ಮಳೆಗಾಲದ ಸಾಮಾನು ತರುವುದು: ಉಪ್ಪು, ಬೇಳೆ, ಒಣಮೆಣಸು, ಎಣ್ಣೆ, ಬೆಂಕಿಪೊಟ್ಟಣ, ಮನೆಮಂದಿಗೆಲ್ಲ ಕಂಬಳಿ, ಕೊಡೆ. ಹಳ್ಳ ಏರಿದರೆ ಸಂಕ ಮುಳುಗುತ್ತದೆ, ಹೊಳೆ ಏರಿದರೆ ದೋಣಿ ನಿಲ್ಲುತ್ತದೆ, ಪೇಟೆಯ ಮುಖ ನೋಡದೆ ವಾರಗಟ್ಟಲೆ ಇರಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೆದರಿಕೆಯಿಂದ ಅವರು ಇದನ್ನು ಮಾಡಲಿಲ್ಲ. ಬಿತ್ತನೆ, ಕೊಯ್ಲಿನ ಹಾಗೆ ಇದೂ ವರ್ಷದ ಒಂದು ಕೆಲಸವಾಗಿತ್ತು.

ಆಮೇಲೆ ರಸ್ತೆ ಬಂತು, ಕರೆಂಟು ಬಂತು, ಗ್ಯಾಸ್ ಬಂತು, ಮನೆ ಬಾಗಿಲಿಗೇ ಸಾಮಾನು ತಂದುಕೊಡುವವರು ಬಂದರು. ಇವೆಲ್ಲ ಬದುಕನ್ನು ಹಗುರ ಮಾಡಿವೆ. ಅದರಲ್ಲೂ ಹೆಂಗಸರ ಬೆನ್ನಿನ ಮೇಲಿನ ಹೊರೆ ಇಳಿದದ್ದು ದೊಡ್ಡ ಸಂಗತಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಜನ ದಶಕಗಳ ಕಾಲ ಲಾಂಚಿನ ಹೊತ್ತು ನೋಡಿಕೊಂಡೇ ಬದುಕಿದವರು. ಲಾಂಚ್ ನಿಂತ ಮೇಲೆ ಆಸ್ಪತ್ರೆಗೂ ಹೋಗಲಾಗದೆ ಒದ್ದಾಡಿದವರು. ಅಲ್ಲಿ 2025ರ ಜುಲೈಯಲ್ಲಿ ಸೇತುವೆ ಸಂಚಾರಕ್ಕೆ ತೆರೆದಾಗ ಆದ ಸಂತೋಷ ನಮ್ಮೆಲ್ಲರದೂ ಹೌದು. ಆದರೆ ಸೌಲಭ್ಯ ಬಂದಂತೆ ನಮ್ಮ ಅಟ್ಟ ಖಾಲಿಯಾಯಿತು. ನಾಳೆಯ ಹಾಲು, ನಾಡಿದ್ದಿನ ತರಕಾರಿ, ಈ ವಾರದ ಮಾತ್ರೆ ಎಲ್ಲಕ್ಕೂ ನಾವೀಗ ನೆಚ್ಚಿಕೊಂಡಿರುವುದು ಒಂದು ರಸ್ತೆಯನ್ನು, ಒಂದು ತಂತಿಯನ್ನು, ಒಂದು ಮೊಬೈಲ್ ಟವರನ್ನು.

ಅವು ಕೈಕೊಟ್ಟದ್ದನ್ನು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇವೆ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಜರಿದು, ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಹೆದ್ದಾರಿಯೇ ಕಡಿದುಹೋಯಿತು. ಮರುವರ್ಷ ಅದೇ ಆಗಸ್ಟಿನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ಉಕ್ಕಿ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ನೀರಿನಲ್ಲಿ ನಿಂತವು. ಮಳೆ ಕಡಿಮೆ ಬೀಳುವ ಸೀಮೆಯಲ್ಲೂ, ಮೇಲಿನ ಜಲಾನಯನದಲ್ಲಿ ಮಳೆ ಸುರಿದರೆ ನೆರೆ ಬರುತ್ತದೆಂದು ಆ ವರ್ಷ ತೋರಿಸಿಕೊಟ್ಟಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಕರಾವಳಿಯ ಮುಖ್ಯ ಹೆದ್ದಾರಿ ಹಲವು ದಿನ ಮುಚ್ಚಿತು.

ಪಟ್ಟಣದವರಿಗೂ ಈ ಮಾತು ಸಲ್ಲುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಬೇಕಾಯಿತು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿರುವ ಕಾವೇರಿ ನೀರಿನ ಪಂಪಿಂಗ್ ಕೇಂದ್ರಕ್ಕೆ ನೀರು ನುಗ್ಗಿ, ನಗರದ ಅನೇಕ ಕಡೆ ಕುಡಿಯುವ ನೀರಿನ ಪೂರೈಕೆಯೇ ನಿಂತುಹೋಯಿತು. ರಸ್ತೆಯಲ್ಲಿ ಎದೆಮಟ್ಟ ನೀರು, ನಲ್ಲಿಯಲ್ಲಿ ಹನಿ ನೀರಿಲ್ಲ. ಹತ್ತನೆಯ ಅಂತಸ್ತಿನಲ್ಲಿರುವವರಿಗೆ ಕರೆಂಟು ಹೋದರೆ ಲಿಫ್ಟೂ ಇಲ್ಲ, ನೀರೂ ಇಲ್ಲ. ಹಳ್ಳ ಏರಿದಾಗ ಮಲೆನಾಡಿನ ಒಂಟಿಮನೆ ಹೇಗೆ ದ್ವೀಪವಾಗುತ್ತದೋ ಹತ್ತನೆಯ ಅಂತಸ್ತಿನ ಮನೆಯೂ ಹಾಗೆಯೇ ಆಗುತ್ತದೆ.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಬಾವಿಯನ್ನು ಯಾವಾಗ ತೋಡಬೇಕೆಂಬ ಉತ್ತರವೂ ಅದರಲ್ಲೇ ಇದೆ. ಬಿಸಿಲಿದ್ದಾಗ, ಮನಸ್ಸು ಶಾಂತವಾಗಿದ್ದಾಗ, ದಿನದ ಕೆಲಸದ ನಡುವೆ ಸ್ವಲ್ಪ ಸ್ವಲ್ಪವಾಗಿ ಮಾಡಿಟ್ಟದ್ದು ಮಾತ್ರ ಆಪತ್ತಿನಲ್ಲಿ ಕೈ ಹಿಡಿಯುತ್ತದೆ. ನಾನು ಇವತ್ತು ಹೇಳುವುದರ ಸಾರ ಇಷ್ಟೇ.

ಮೊದಲು ಮನೆಯ ಮೇಲಿನಿಂದ ಶುರುಮಾಡೋಣ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಂತಹಂತವಾಗಿ ಸೋಗೆ, ಹುಲ್ಲಿನ ಮಾಡುಗಳ ಜಾಗಕ್ಕೆ ಮಂಗಳೂರು ಹೆಂಚು ಬಂತು. ಇವತ್ತಿಗೂ ಸಾವಿರಾರು ಮನೆಗಳು ಅದರ ಕೆಳಗೇ ಇವೆ. ಹೆಂಚಿನ ಮಾಡನ್ನು ಪರೀಕ್ಷಿಸಲು ಏಣಿ ಹತ್ತಬೇಕಾಗಿಲ್ಲ. ನಡುಮಧ್ಯಾಹ್ನ ಕಿಟಕಿ ಬಾಗಿಲು ಮುಚ್ಚಿ ಅಟ್ಟದಲ್ಲಿ ನಿಂತು ತಲೆಯೆತ್ತಿ ನೋಡಿ. ಬೆಳಕಿನ ಚುಕ್ಕೆ ಕಂಡಲ್ಲಿ ಹೆಂಚು ಒಡೆದಿದೆ ಅಥವಾ ಸರಿದಿದೆ. ಬೆಳಕು ಕಾಣದಿದ್ದರೂ ರೀಪಿನ ಮೇಲೆ ಕಪ್ಪು ನೀರಿನ ಗೆರೆ ಇದ್ದರೆ ಕಳೆದ ಮಳೆಗಾಲದಲ್ಲಿ ಅಲ್ಲಿ ಸೋರಿದೆ ಎಂದರ್ಥ. ಅಂಥ ರೀಪನ್ನು ಉಗುರಿನಿಂದ ಒತ್ತಿ ನೋಡಿ. ಪುಡಿ ಉದುರಿದರೆ ಬದಲಿಸಲೇಬೇಕು, ಹೊಸ ಹೆಂಚು ಹೊದಿಸಿದರೆ ಸಾಲದು. ಕೆಲಸ ಬಲ್ಲವರನ್ನು ಕರೆಸಿ ಹೆಂಚು ಕೈಯಾಡಿಸುವಾಗ ಪಾಚಿ ಕಟ್ಟಿದ್ದನ್ನು ಉಜ್ಜಿಸಿ, ಎರಡು ಮಾಡು ಕೂಡುವ ಮೂಲೆಯ ತಗಡಿನಲ್ಲಿ ಸೇರಿದ ಎಲೆಕಸ ತೆಗೆಸಿ. ಮನೆಯೊಳಗೆ ಬರುವ ನೀರಿನಲ್ಲಿ ಬಹುಪಾಲು ಆ ಮೂಲೆಯಿಂದಲೇ ಇಳಿಯುತ್ತದೆ. ಹತ್ತಿಪ್ಪತ್ತು ಹೆಂಚು ಹೆಚ್ಚುವರಿಯಾಗಿ ಗೋಡೆಗೆ ಒರಗಿಸಿಡಿ. ಗಾಳಿಗೆ ಹೆಂಚು ಹಾರಿದ ರಾತ್ರಿ ಅದನ್ನು ಅಂಗಡಿಯಿಂದ ತರಲಾಗುವುದಿಲ್ಲ. ತಾರಸಿ ಮನೆಯಾದರೆ ನೀರು ಇಳಿಯುವ ಕೊಳವೆಯ ಬಾಯಿಯನ್ನು ನೋಡಿ. ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡು ತಾರಸಿಯೇ ಕೆರೆಯಾಗುವುದು ಪಟ್ಟಣದ ಮಾಮೂಲಿ ಕಥೆ.

ಮಾಡಿನಿಂದ ಕೆಳಗಿಳಿದು ಹಿತ್ತಲಿಗೆ ಬನ್ನಿ. ನಮ್ಮ ಕಡೆ ಮನೆಯ ಹಿಂದೆ ಧರೆ ಇರುವುದು ಸಾಮಾನ್ಯ. ಗುಡ್ಡವನ್ನು ಕಡಿದು ಮಟ್ಟ ಮಾಡಿ ಮನೆ ಕಟ್ಟಿದಾಗ ಉಳಿಯುವ ಆ ಕಡಿದಾದ ಮಣ್ಣಿನ ಗೋಡೆ ಮಳೆನೀರು ಕುಡಿದು ಭಾರವಾಗಿ ಜರಿಯುತ್ತದೆ. ಧರೆಯ ನೆತ್ತಿಯ ಮೇಲೆ ಅಗಳು ತೋಡಿ, ಮೇಲಿನ ನೀರು ಧರೆಗೆ ಇಳಿಯದೆ ಬದಿಗೆ ಹರಿದುಹೋಗುವಂತೆ ಮಾಡುವುದು ಬೇಸಿಗೆಯ ಅತಿ ಮುಖ್ಯ ಕೆಲಸ. ಧರೆಯ ಮೇಲೆ ಲಾವಂಚ, ಹುಲ್ಲು ಬೆಳೆಸಿ, ಮಣ್ಣನ್ನು ಬೆತ್ತಲೆ ಬಿಡಬೇಡಿ. ಮಳೆ ಹಿಡಿದ ಮೇಲೆ ಧರೆಯ ತಲೆಯಲ್ಲಿ ಉದ್ದನೆಯ ಬಿರುಕು ಕಂಡರೆ, ಇಲ್ಲದ ಕಡೆ ಹೊಸದಾಗಿ ಕೆಸರು ನೀರಿನ ಒರತೆ ಒಡೆದರೆ, ನೆಟ್ಟಗಿದ್ದ ಮರ ಅಥವಾ ಕಂಬ ವಾಲಿದರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಕೂರದಿದ್ದರೆ, ಅಷ್ಟು ಸಾಕು. ಸಾಮಾನು ಒಟ್ಟುಮಾಡುತ್ತ ನಿಲ್ಲದೆ ಮನೆ ಬಿಟ್ಟು ಹೊರಡಿ. ಆ ರಾತ್ರಿ ಎಲ್ಲಿಗೆ ಹೋಗಬೇಕೆಂದು ಈಗಲೇ ಗೊತ್ತುಮಾಡಿಕೊಳ್ಳಿ.

ಮನೆಯ ಮೇಲೆ ಬಾಗಿದ ಒಣಕೊಂಬೆ ಕಡಿಸುವುದು, ವಿದ್ಯುತ್ ತಂತಿಗೆ ತಾಗುವ ಕೊಂಬೆಯ ಬಗ್ಗೆ ಇಲಾಖೆಗೆ ಮೊದಲೇ ತಿಳಿಸುವುದು, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಕೆಲಸ ಬಲ್ಲವರಿಂದ ನೋಡಿಸುವುದು, ಹಳ್ಳದ ಕಾಲುಸಂಕದ ಮರ ಕೊಳೆತಿದ್ದರೆ ಊರವರು ಸೇರಿ ಹೊಸದು ಹಾಕುವುದು, ಅದಕ್ಕೆ ಹಿಡಿಕೆ ಕಟ್ಟುವುದು ಇವೆಲ್ಲ ಜೂನ್ ಒಂದರೊಳಗೆ ಆಗಬೇಕಾದ ಕೆಲಸಗಳು. ಶಾಲೆಗೆ ಹೋಗುವ ಮಕ್ಕಳು ದಿನವೂ ದಾಟುವ ಸಂಕವನ್ನು ಯಾವ ಕಾರಣಕ್ಕೂ ನಾಳೆಗೆಂದು ಬಿಡಬಾರದು.

ಇನ್ನು ಸೌದೆ. ಗ್ಯಾಸ್ ಇದ್ದರೂ ಮಲೆನಾಡಿನ ಬಚ್ಚಲೊಲೆಗೆ ಸೌದೆ ಬೇಕೇ ಬೇಕು. ಗ್ಯಾಸ್ ಬರದ ದಿನ ಅಡುಗೆಗೂ ಅದೇ ಆಸರೆ. ದಪ್ಪ ಕುಂಟೆಗಳನ್ನು ಈಗಲೇ ಸೀಳಿಸಿ ಬಿಸಿಲಿಗೆ ಬಿಡಿ. ಒಡೆಯದ ಕುಂಟೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಆಷಾಢದಲ್ಲಿ ಬರೀ ಹೊಗೆ ಕೊಡುತ್ತದೆ. ನೆಲಕ್ಕೆ ಕಲ್ಲಿಟ್ಟು, ಅದರ ಮೇಲೆ ಅಡ್ಡಮರ ಹಾಕಿ, ಗೋಡೆಯಿಂದ ಗೇಣು ಬಿಟ್ಟು ಒಟ್ಟಿದರೆ ಗಾಳಿಯಾಡುತ್ತದೆ, ಗೆದ್ದಲು ಕಡಿಮೆ. ಅಡಿಕೆ ಹಾಳೆ, ತೆಂಗಿನ ಗರಟೆ, ಒಣ ಸಿಪ್ಪೆಯನ್ನು ಬೆಂಕಿ ಹೊತ್ತಿಸಲೆಂದು ಬೇರೆಯೇ ಮೂಲೆಯಲ್ಲಿಡಿ. ಮಳೆಗಾಲದಲ್ಲಿ ಸೌದೆ ರಾಶಿ ಹಾವಿಗೂ ಬೆಚ್ಚನೆಯ ಜಾಗ. ಕೈಹಾಕುವ ಮುನ್ನ ದೀಪ ಬಿಟ್ಟು ನೋಡಿ, ಕೋಲಿನಿಂದ ತಟ್ಟಿ. ಕಚ್ಚಿಯೇ ಬಿಟ್ಟರೆ ಗಾಯ ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ಆದಷ್ಟು ಬೇಗ ಆಸ್ಪತ್ರೆ ಸೇರಬೇಕು. ಕಾಡಿಗೆ ಸೌದೆಗೋ ದರಗಿಗೋ ಹೋಗುವವರಿಗೆ ಇನ್ನೂ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ಅದರ ಕಾಲ ನಾವು ಕಾಡಿನಲ್ಲಿ ಕೆಲಸ ಮಾಡುವ ಇದೇ ಒಣ ತಿಂಗಳುಗಳು. ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ.

ಇನ್ನು ಅಡುಗೆಮನೆ. ನಮ್ಮ ಹಿರಿಯರ ಉಗ್ರಾಣದ ಗುಟ್ಟು ಮೂರೇ: ಬಿಸಿಲು, ಉಪ್ಪು, ಒಣಗಿದ ಕೈ. ಅಪ್ಪೆಮಿಡಿಯನ್ನೇ ನೋಡಿ. ಮಿಡಿಯನ್ನು ಉದುರಿಸದೆ ತೊಟ್ಟು ಸಮೇತ ಕೊಯ್ದು ತರಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸುತ್ತದೆ. ತೊಟ್ಟನ್ನು ಸ್ವಲ್ಪ ಉಳಿಸಿಯೇ ಕತ್ತರಿಸಬೇಕು, ಸೊನೆ ಮಿಡಿಯಲ್ಲೇ ಉಳಿಯಬೇಕು. ಪರಿಮಳ ಇರುವುದೂ ಅದರಲ್ಲೇ, ಕೆಡದಂತೆ ಕಾಯುವುದೂ ಅದೇ ಎನ್ನುತ್ತಾರೆ ಹಾಕಿ ಬಲ್ಲವರು. ತೊಳೆದು, ಬಟ್ಟೆಯ ಮೇಲೆ ಹರಡಿ, ನೀರಿನ ಪಸೆ ಪೂರಾ ಆರಿದ ಮೇಲೆ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಎರಡು ಮೂರು ವಾರದಲ್ಲಿ ಮಿಡಿ ತನ್ನ ನೀರನ್ನು ತಾನೇ ಬಿಟ್ಟುಕೊಂಡು ಸುಕ್ಕುಗಟ್ಟುತ್ತದೆ. ಆಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಸಾಸಿವೆ, ಮೆಣಸಿನ ಖಾರ ಕಲಸಿ ಹಾಕುವುದು. ಭರಣಿಯ ಬಾಯಿಗೆ ಬಟ್ಟೆ ಕಟ್ಟುವಾಗ ನಮ್ಮ ಅಮ್ಮ ಹೇಳುತ್ತಿದ್ದ ಮಾತು ಒಂದೇ: "ಒದ್ದೆ ಕೈ ತರಬೇಡ, ಮಗಾ." ಫ್ರಿಜ್ಜಿಲ್ಲದೆ, ಕರೆಂಟಿಲ್ಲದೆ ವರ್ಷಗಟ್ಟಲೆ ಉಳಿಯುವ ಆಹಾರ ಅದು. ಎಂಟು ದಿನ ತರಕಾರಿ ಬರದಿದ್ದರೂ ಗಂಜಿ, ಒಂದು ಮಿಡಿ, ಸುಟ್ಟ ಹಪ್ಪಳ ಇದ್ದರೆ ಊಟ ನಡೆಯುತ್ತದೆ.

ಎಲ್ಲರೂ ಇಷ್ಟೆಲ್ಲ ಮಾಡಲಾರರು. ಮಾಡಬೇಕೆಂದೂ ಇಲ್ಲ. ಹಪ್ಪಳ, ಉಪ್ಪಿನಕಾಯಿಯನ್ನು ಊರಿನ ಸ್ತ್ರೀಶಕ್ತಿ ಸಂಘದವರಿಂದ ಕೊಂಡರೆ ಅವರಿಗೂ ನಾಲ್ಕು ಕಾಸು. ಮುಖ್ಯವಾದದ್ದು ಲೆಕ್ಕ. ನಾಲ್ಕು ಜನರ ಮನೆಗೆ ಹದಿನೈದು ದಿನಕ್ಕೆ ಎಷ್ಟು ಬೇಕು? ತಲೆಗೆ ದಿನಕ್ಕೆ ಮುನ್ನೂರೈವತ್ತರಿಂದ ನಾನೂರು ಗ್ರಾಂ ಅಕ್ಕಿಯೋ ರಾಗಿಯೋ ಜೋಳವೋ ಎಂದು ಹಿಡಿದರೆ 20ರಿಂದ 25 ಕಿಲೋ. ಬೇಳೆಕಾಳು 4ರಿಂದ 5 ಕಿಲೋ. ಎಣ್ಣೆ 2 ಲೀಟರ್. ಉಪ್ಪು, ಬೆಲ್ಲ ಎರಡೆರಡು ಕಿಲೋ. ಜೊತೆಗೆ ಒಲೆ ಹೊತ್ತಿಸದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಶೇಂಗಾ. ಮನೆಯಲ್ಲಿ ಮಗುವಿದ್ದರೆ ಹಾಲಿನ ಪುಡಿ. ಇಷ್ಟನ್ನು ಒಂದೇ ದಿನ ತರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಪ್ರತಿ ಸಲ ಸಾಮಾನು ತರುವಾಗ ಒಂದು ಕಿಲೋ ಅಕ್ಕಿ, ಅರ್ಧ ಕಿಲೋ ಬೇಳೆ ಹೆಚ್ಚು ತಂದರೆ ಕೆಲವು ತಿಂಗಳಲ್ಲಿ ಡಬ್ಬ ತಾನಾಗಿ ತುಂಬುತ್ತದೆ.

ತುಂಬಿದ ಮೇಲೆ ಅದನ್ನು ಮರೆಯಬಾರದು. ದಿನವೂ ತಿನ್ನುವುದನ್ನೇ ಕೂಡಿಡಿ, ಕೂಡಿಟ್ಟದ್ದನ್ನೇ ದಿನವೂ ತಿನ್ನಿ. ಹೊಸದನ್ನು ಹಿಂದಕ್ಕೆ ಇಟ್ಟು, ಹಳೆಯದನ್ನು ಮುಂದಕ್ಕೆ ತೆಗೆದು ಬಳಸಿದರೆ ಯಾವುದೂ ಹುಳ ಹಿಡಿದು ಹಾಳಾಗುವುದಿಲ್ಲ. ತೊಗರಿಬೇಳೆಗೆ ಹರಳೆಣ್ಣೆ ಸವರುವುದು, ಅಕ್ಕಿಗೆ ಒಣಗಿದ ಬೇವಿನ ಸೊಪ್ಪೋ ಲಕ್ಕಿ ಸೊಪ್ಪೋ ಹಾಕುವುದು, ಬಿತ್ತನೆಯ ಕಾಳನ್ನು ಬೂದಿಯಲ್ಲಿ ಕಲಸಿಡುವುದು ಇವೆಲ್ಲ ಇವತ್ತಿಗೂ ಕೆಲಸಕ್ಕೆ ಬರುವ ಉಪಾಯಗಳು. ನೆರೆ ನುಗ್ಗುವ ಜಾಗದಲ್ಲಿ ಮನೆಯಿದ್ದರೆ ಚೀಲಗಳನ್ನು ನೆಲದ ಮೇಲಿಡದೆ ಅಟ್ಟಕ್ಕೇರಿಸಿ.

ನೀರಿನ ವಿಷಯಕ್ಕೆ ಬರೋಣ. ಮಳೆಗಾಲದಲ್ಲಿ ನೀರಿಗೆ ಏನು ಬರ ಎಂದು ತೋರಬಹುದು. ಆದರೆ ಕುಡಿಯುವ ನೀರಿಗೆ ನಿಜವಾದ ತಾಪತ್ರಯ ಆಗಲೇ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರ್ ಬೇಕು. ಪಟ್ಟಣದ ಮನೆಯಲ್ಲಿ ನಾಲ್ಕು ಜನಕ್ಕೆ ಮೂರು ದಿನದ ಲೆಕ್ಕದಲ್ಲಿ ಸುಮಾರು ಐವತ್ತು ಲೀಟರ್ ಶುದ್ಧ ನೀರನ್ನು ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಆಗಾಗ ಬದಲಿಸುತ್ತಿರಿ. ಹಳ್ಳಿಯಲ್ಲಿ ಬಾವಿ ಇದ್ದವರು ಅದರ ಕಟ್ಟೆ ನೆಲಮಟ್ಟಕ್ಕಿಂತ ಎತ್ತರವಿದೆಯೇ, ಸುತ್ತಲಿನ ಕೆಸರುನೀರು ಒಳಗೆ ಇಳಿಯುತ್ತದೆಯೇ ನೋಡಿಕೊಳ್ಳಿ. ಮಳೆ ಹಿಡಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ. ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಬೇಕು. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಅದು ಹನ್ನೆರಡೂವರೆ ಸಾವಿರ ಲೀಟರ್. ಅದಕ್ಕೆ ಸುಮಾರು 30 ಗ್ರಾಂ ಪುಡಿ ಸಾಕು. ಪುಡಿಯನ್ನು ನೇರವಾಗಿ ಎರಚಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ನೀರು ತುಂಬಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಬಾವಿಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ ಬೆರೆಸಿ. ಒಂದು ಗಂಟೆಯಾದರೂ ನೀರು ಸೇದಬೇಡಿ. ರಾತ್ರಿ ಮಲಗುವ ಮುನ್ನ ಹಾಕಿದರೆ ಅನುಕೂಲ. ನೀರು ಕೆಂಪಾಗಿ ಕದಡಿದ್ದರೆ ಈ ಅಳತೆ ಸಾಲದು, ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಏನೇ ಆದರೂ ಕುಡಿಯುವ ನೀರನ್ನು ಕೊತಕೊತ ಕುದಿಸಿ ಆರಿಸಿಯೇ ಕುಡಿಯಿರಿ.

ವಾಂತಿಭೇದಿ ಹಿಡಿದರೆ ಮೊದಲ ಮದ್ದು ನೀರೇ. ಓಆರ್‌ಎಸ್ ಪೊಟ್ಟಣ ಹತ್ತಾರು ತಂದಿಟ್ಟುಕೊಳ್ಳಿ. ಅದಿಲ್ಲದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು, ಕೈಯಂದಾಜು ಬೇಡ. ನೆರೆನೀರಿನಲ್ಲಿ, ಗದ್ದೆಯ ಕೆಸರಿನಲ್ಲಿ ಓಡಾಡಿದವರಿಗೆ ಜ್ವರ, ಮೈಕೈ ನೋವು ಬಂದರೆ ಇಲಿಜ್ವರ ಇರಬಹುದು. ಮನೆಮದ್ದು ಮಾಡುತ್ತ ಕೂರದೆ ವೈದ್ಯರ ಹತ್ತಿರ ಹೋಗಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ, ಮೂರ್ಛೆರೋಗ ಇಂಥವಕ್ಕೆ ಮಾತ್ರೆ ನುಂಗುವವರ ಮನೆಯಲ್ಲಿ ಒಂದು ತಿಂಗಳ ಮಾತ್ರೆ ಯಾವಾಗಲೂ ಹೆಚ್ಚುವರಿಯಾಗಿ ಇರಲಿ. ವೈದ್ಯರ ಚೀಟಿಯ ಒಂದು ನಕಲನ್ನು ಅದರ ಜೊತೆಗೇ ಇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟು ಹೋದರೆ ಏನು ಮಾಡಬೇಕೆಂದು ವೈದ್ಯರನ್ನು ಈಗಲೇ ಕೇಳಿಕೊಳ್ಳಿ. ಬಿಸಿಲ ನಾಡಿನಲ್ಲಿರುವವರು ಇನ್ಸುಲಿನ್ನನ್ನು ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೀರು ಒಸರುವ ಮಣ್ಣಿನ ಮಡಕೆಯಲ್ಲಿಟ್ಟು ಕಾಪಾಡಬಹುದು. ಗರ್ಭಿಣಿ ಇರುವ ಮನೆಯವರು, ದಿನ ಹತ್ತಿರ ಬಂದಿದ್ದು ಮಧ್ಯೆ ಹೊಳೆ ದಾಟಬೇಕಾಗಿದ್ದರೆ, ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲಿ ಮೊದಲೇ ಹೋಗಿರುವುದು ಲೇಸು.

ಬೆಳಕಿಗೆ ಚಿಮಣಿ, ಲಾಟೀನಿನ ಕಾಲ ಹೋಯಿತು, ಸೀಮೆಎಣ್ಣೆಯೂ ಸುಲಭಕ್ಕೆ ಸಿಗುವುದಿಲ್ಲ. ಸೋಲಾರ್ ದೀಪವೊಂದು, ಬ್ಯಾಟರಿ ಟಾರ್ಚ್ ಒಂದೆರಡು, ಫೋನಿಗೆ ಪವರ್ ಬ್ಯಾಂಕ್. ಮೇಣದಬತ್ತಿ ಹಚ್ಚಿಟ್ಟು ನಿದ್ದೆ ಹೋಗಬೇಡಿ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗುವುದು, ಜನರೇಟರನ್ನು ಮನೆಯೊಳಗೆ ಓಡಿಸುವುದು ಎರಡೂ ಜೀವ ತೆಗೆಯುತ್ತವೆ. ಅದರಿಂದ ಬರುವ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗುಡುಗು ಸಿಡಿಲು ಶುರುವಾಗುವ ಮುನ್ನವೇ ಟೀವಿ, ಪಂಪಿನ ಪ್ಲಗ್ ಕಿತ್ತಿಡಿ. ತೋಟದಲ್ಲಿದ್ದವರು ಮರದ ಬುಡ ಬಿಟ್ಟು ಮನೆ ಸೇರಿ.

ಬ್ಯಾಟರಿಯಿಂದ ನಡೆಯುವ ಸಣ್ಣ ರೇಡಿಯೋ ಒಂದು ಮನೆಯಲ್ಲಿರಲಿ. ಆಕಾಶವಾಣಿಯಲ್ಲಿ ಮಾತಾಡುತ್ತಿದ್ದೇನೆಂದು ಇದನ್ನು ಹೇಳುತ್ತಿಲ್ಲ. ಕರೆಂಟು ಹೋಗಿ, ಟವರ್ ನಿಂತು, ಫೋನ್ ಮೂಕವಾದಾಗಲೂ ಹವಾಮಾನ ಮುನ್ಸೂಚನೆ, ಅಣೆಕಟ್ಟಿನಿಂದ ನೀರು ಬಿಡುವ ಎಚ್ಚರಿಕೆ, ಶಾಲೆಯ ರಜೆ ಎಲ್ಲವೂ ಎರಡು ಸೆಲ್ಲಿನ ಬಲದ ಮೇಲೆ ಮನೆಯೊಳಗೆ ಬರುತ್ತವೆ.

ಇನ್ನೊಂದು ಕೆಲಸ ಒಂದು ಸಂಜೆಯಲ್ಲಿ ಆಗುವಂಥದ್ದು. ಹೆಗಲಿಗೆ ಹಾಕುವ ಒಂದು ಚೀಲ ತೆಗೆದುಕೊಳ್ಳಿ. ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕಿನ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಇವನ್ನೆಲ್ಲ ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. 2019ರ ನೆರೆಯಲ್ಲಿ ಮನೆಯ ಜೊತೆ ಕಾಗದಪತ್ರವನ್ನೂ ಕಳೆದುಕೊಂಡವರು ಪರಿಹಾರ ಕೇಳಲು ಹೋದಾಗ ಪಟ್ಟ ಪಾಡು ಯಾರಿಗೂ ಬೇಡ. ಜೊತೆಗೆ ಹತ್ತು, ಐವತ್ತು, ನೂರರ ನೋಟುಗಳಲ್ಲಿ ಸ್ವಲ್ಪ ನಗದು, ಏಕೆಂದರೆ ನೆಟ್‌ವರ್ಕ್ ಇಲ್ಲದ ದಿನ ಫೋನಿನಿಂದ ಹಣ ಕೊಡಲಾಗುವುದಿಲ್ಲ. ಒಂದು ಜೊತೆ ಬಟ್ಟೆ, ಮಾತ್ರೆ, ಟಾರ್ಚ್, ಅವಲಕ್ಕಿ, ನೀರಿನ ಬಾಟಲಿ, ಹೆಂಗಸರಿಗೆ ಬೇಕಾದ ಪ್ಯಾಡು. ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಫೋನ್ ನಂಬರ್ ಬರೆದು ಗೋಡೆಗೂ ಅಂಟಿಸಿ, ಚೀಲಕ್ಕೂ ಹಾಕಿ: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಕರೆಂಟಿನ ತೊಂದರೆಗೆ 1912.

ದನಕರುಗಳನ್ನು ಮರೆಯುವಂತಿಲ್ಲ. ಹುಲ್ಲಿನ ಗೊಣಬೆಯನ್ನು ಎತ್ತರದ ಜಾಗದಲ್ಲಿ ಹಾಕಿ. ನೀರು ಏರುತ್ತಿದೆ ಎಂದು ಗೊತ್ತಾದ ಕೂಡಲೇ ಕೊಟ್ಟಿಗೆಯ ಹಗ್ಗ ಬಿಚ್ಚಿ. ಕಟ್ಟಿಹಾಕಿದ ದನ ಈಜಿ ಪಾರಾಗಲಾರದು, ಬಿಟ್ಟ ದನ ಎತ್ತರ ಹುಡುಕಿಕೊಂಡು ಹೋಗುತ್ತದೆ.

ಕೊನೆಯದಾಗಿ, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಚಾರ. 2020ರ ಮಾರ್ಚ್ 24ರ ರಾತ್ರಿ ದೇಶವೇ ಮುಚ್ಚುತ್ತದೆ ಎಂಬ ಸುದ್ದಿ ಬಂದಾಗ ಊರೂರಿನ ಅಂಗಡಿಗಳ ಮುಂದೆ ಜನ ಮುಗಿಬಿದ್ದರು. ಕೈಯಲ್ಲಿ ಹಣವಿದ್ದವರು ಚೀಲಗಟ್ಟಲೆ ಕೊಂಡೊಯ್ದರು, ದಿನಗೂಲಿಯವರು ಬರುವಷ್ಟರಲ್ಲಿ ಕಪಾಟು ಖಾಲಿಯಾಗಿತ್ತು, ಉಳಿದದ್ದರ ಬೆಲೆ ಏರಿತ್ತು. ಮೊದಲೇ ಕೂಡಿಟ್ಟರೂ ಹೀಗೆ ಮುಗಿಬಿದ್ದು ಕೊಂಡರೂ ಡಬ್ಬ ತುಂಬುತ್ತದೆ ನಿಜ. ಆದರೆ ಸುಗ್ಗಿಯಲ್ಲಿ, ಸಾಮಾನು ಧಾರಾಳವಾಗಿ ಸಿಗುವಾಗ ಕೂಡಿಟ್ಟರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಆಪತ್ತು ಬಂದ ಮೇಲೆ ದೋಚಿದರೆ ಇನ್ನೊಬ್ಬರ ತಟ್ಟೆಯ ಅನ್ನ ಹೋಗುತ್ತದೆ. ಮೊದಲೇ ಕೂಡಿಟ್ಟವರು ಆಪತ್ತಿನ ದಿನ ಅಂಗಡಿಯ ಸಾಲಿನಲ್ಲಿ ನಿಲ್ಲದಿದ್ದರೆ, ಕೂಡಿಡಲು ಶಕ್ತಿಯಿಲ್ಲದವರಿಗೆ ಅಷ್ಟು ಜಾಗ ಸಿಗುತ್ತದೆ.

ಹಿಂದಿನ ಮನೆಗಳಲ್ಲಿ ಮಳೆಗಾಲದ ಅಕ್ಕಿ ಅಳೆಯುವಾಗ ಮನೆಯ ತಲೆಗಳನ್ನಷ್ಟೇ ಎಣಿಸುತ್ತಿರಲಿಲ್ಲ. ಹೊಳೆ ಏರಿ ಸಿಕ್ಕಿಹಾಕಿಕೊಳ್ಳುವ ನೆಂಟರು, ತೋಟದ ಕೆಲಸಕ್ಕೆ ಬರುವವರು, ಪಕ್ಕದ ಮನೆಯ ಬಾಣಂತಿ ಎಲ್ಲರೂ ಆ ಲೆಕ್ಕದಲ್ಲಿ ಇರುತ್ತಿದ್ದರು. ನಿಮ್ಮ ಕೇರಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂಟಿಯಾಗಿರುವ ಅಜ್ಜ ಅಜ್ಜಿ ಯಾರು, ನಡೆಯಲಾಗದವರು ಯಾರು, ಯಾರ ಹತ್ತಿರ ಜೀಪಿದೆ, ಯಾರಿಗೆ ನರ್ಸಿಂಗ್ ಗೊತ್ತು, ಯಾರ ಮನೆ ಎತ್ತರದಲ್ಲಿದೆ? ಹತ್ತು ಮನೆಯವರು ಒಂದು ಸಂಜೆ ಕೂತು ಇದನ್ನು ಮಾತಾಡಿಕೊಂಡರೆ, ಯಾವ ರಾತ್ರಿ ಯಾರು ಯಾರ ಬಾಗಿಲು ತಟ್ಟಬೇಕೆಂಬುದು ಗೊತ್ತಾಗುತ್ತದೆ. ಗುಡ್ಡ ಕುಸಿದಾಗ, ನೆರೆ ಬಂದಾಗ ರಕ್ಷಣಾ ಪಡೆಯವರು ಬಂದೇ ಬರುತ್ತಾರೆ. ಅವರಿಗಿಂತ ಮೊದಲು ಬಂದು ಕೈಹಿಡಿದು ಎತ್ತುವವರು ನೆರೆಮನೆಯವರೇ.

ಆದ್ದರಿಂದ ಕೇಳುಗರಲ್ಲಿ ನನ್ನ ಕೋರಿಕೆ ಇಷ್ಟು. ಈ ಭಾನುವಾರ ಮನೆಮಂದಿ ಎಲ್ಲ ಸೇರಿ ಅರ್ಧ ದಿನ ಕೊಡಿ. ದೊಡ್ಡವರು ಮಾಡನ್ನೂ ಧರೆಯನ್ನೂ ನೋಡಲಿ, ಮಕ್ಕಳು ಫೋನ್ ನಂಬರಿನ ಪಟ್ಟಿ ಬರೆಯಲಿ, ಹಿರಿಯರು ತಮ್ಮ ಮಾತ್ರೆಯ ಲೆಕ್ಕ ಹೇಳಲಿ. ಮುಂದಿನ ಭಾನುವಾರ ಚೀಲ, ಅದರ ಮುಂದಿನ ಭಾನುವಾರ ಸೌದೆ, ಬಾವಿಕಟ್ಟೆ. ಪ್ರತಿ ಸಲ ಅಂಗಡಿಗೆ ಹೋದಾಗ ಒಂದು ಕಿಲೋ ಅಕ್ಕಿ ಹೆಚ್ಚಿಗೆ. ಮೃಗಶಿರ ಮಳೆ ಹುಟ್ಟುವ ಹೊತ್ತಿಗೆ ಎಲ್ಲ ಸಿದ್ಧವಾಗಿರುತ್ತದೆ. ಈ ಕೆಲಸ ಶುರುಮಾಡುವ ಮುನ್ನ ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ, ಅವರ ಮಾಡಿಗೂ ನಾಲ್ಕು ಹೆಂಚು ಬೇಕಾಗಿರಬಹುದು.